ಬೀದಿ ನಲ್ಲಿ ಹೋದ ಮೇಲೆ: ದಾವಣಗೆರೆಯ ಒಂದು ಓಣಿಯ ಪ್ರಕರಣ

ಮನೆ ಮನೆಗೆ ಮೀಟರ್ ಸಮೇತ ನಲ್ಲಿ ಬಂದರೆ ಯಾರಿಗೆ ತಾನೇ ಬೇಜಾರು? ಹಳೇ ದಾವಣಗೆರೆ ಕಡೆಯ ಒಂದು ಓಣಿಯಲ್ಲಿ ಬೀದಿ ನಲ್ಲಿ ಹೋಗಿ ಮನೆ ನಲ್ಲಿ ಬಂತು. ನೀರಿನ ಕಷ್ಟ ಬಹುಪಾಲು ತೀರಿತು. ಆದರೆ ಓಣಿಯಲ್ಲಿ ಯಾರು ಯಾರ ಪರ, ಯಾರಿಗೆ ಯಾರ ಹಂಗು ಅನ್ನುವ ಲೆಕ್ಕವೇ ಬದಲಾಯಿತು. ಊರು ಬೆಳೆಯುವುದು ಅಂದರೆ ಮೇಲ್ಸೇತುವೆ, ಮಾಲ್, ಸೈಟಿನ ರೇಟು ಅಂತ ಮಾತಾಡುತ್ತೇವೆ. ಒಂದು ನಲ್ಲಿಕಟ್ಟೆ ಹೋದಾಗ ಏನಾಗುತ್ತದೆ ಅನ್ನುವುದೂ ಅದೇ ಕಥೆಯ ಭಾಗ.

ಓಣಿಯ ಹೆಸರು, ವಾರ್ಡ್ ನಂಬರು ಇಲ್ಲಿ ಹೇಳುತ್ತಿಲ್ಲ. ಜನರ ಹೆಸರೂ ಇಲ್ಲ. ಗುರುತು ಸಿಗದಿರಲಿ ಅಂತ ಕೆಲವರ ಕಸುಬು, ಮನೆ ಇರುವ ಜಾಗ ಬದಲಿಸಿದ್ದೇನೆ. ನಾನು ಅಲ್ಲಿಗೆ ಹೋಗುತ್ತಿದ್ದದ್ದು ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಪುಸ್ತಕ ನೋಡುವ ಕೆಲಸಕ್ಕೆ. ನೀರಿನ ವಿಷಯ ಅಲ್ಲಿ ತಾನಾಗಿಯೇ ಕಿವಿಗೆ ಬೀಳುತ್ತಿತ್ತು.

ಹಿನ್ನೆಲೆ

ದಾವಣಗೆರೆಯನ್ನು ರೈಲು ಹಳಿ ಎರಡು ಮಾಡಿದೆ. ಒಂದು ಕಡೆ ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆ, ದುರ್ಗಮ್ಮನ ಗುಡಿ ಇರುವ ಹಳೇ ಊರು. ಇನ್ನೊಂದು ಕಡೆ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳು, ವಿದ್ಯಾನಗರ, ಕಾಲೇಜುಗಳು. ಅಶೋಕ ರಸ್ತೆಯ ರೈಲ್ವೆ ಗೇಟ್ ಬಿದ್ದಾಗ ಸ್ಕೂಟರ್ ಆಫ್ ಮಾಡಿಕೊಂಡು ನಿಂತವರಿಗೆ ಈ ಎರಡು ಊರುಗಳ ಅಂತರ ಚೆನ್ನಾಗಿ ಗೊತ್ತು.

ಒಂದು ಕಾಲಕ್ಕೆ ಇದು ಹತ್ತಿ ಮಿಲ್ಲುಗಳ ಊರು. ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುತ್ತಿದ್ದರು. ಮಿಲ್ಲಿನ ಜೊತೆ ಕಾರ್ಮಿಕ ಸಂಘವೂ ಗಟ್ಟಿಯಾಗಿತ್ತು. ಸಿಪಿಐನ ಪಂಪಾಪತಿ ಅವರನ್ನು 1978, 1983, 1985ರಲ್ಲಿ ಮೂರು ಸಲ ಶಾಸಕರನ್ನಾಗಿ ಆರಿಸಿದ ಊರು ಇದು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 1965ರಲ್ಲಿ ಶುರುವಾದ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರ ಬಿ.ಐ.ಇ.ಟಿ. ಇಂಜಿನಿಯರಿಂಗ್ ಕಾಲೇಜು, ಅವುಗಳ ಬೆನ್ನಿಗೆ ಬಂದ ಶಾಲೆ, ಹಾಸ್ಟೆಲ್, ಆಸ್ಪತ್ರೆಗಳು ಊರಿನ ಹೊಟ್ಟೆಪಾಡು ನೋಡಿಕೊಳ್ಳತೊಡಗಿದವು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆ ಆಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗೆ ಆಯ್ಕೆಯಾದ ದೇಶದ ಮೊದಲ 20 ಊರುಗಳಲ್ಲಿ ಹೆಸರು ಬಂತು. 2001ರ ಜನಗಣತಿಯಲ್ಲಿ ಸುಮಾರು 3.64 ಲಕ್ಷ ಇದ್ದ ಜನ 2011ಕ್ಕೆ ಸುಮಾರು 4.35 ಲಕ್ಷ ಆದರು.

ನಾನು ಹೇಳುವ ಓಣಿ ಮಿಲ್ ಕಾಲದ್ದು. ನಲವತ್ತರ ಆಸುಪಾಸು ಮನೆ. ಸ್ವಂತ ಮನೆಯವರೆಲ್ಲ ಹೆಚ್ಚಾಗಿ ಮಿಲ್ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಉಳಿದ ಅರ್ಧಕ್ಕಿಂತ ಜಾಸ್ತಿ ಬಾಡಿಗೆಯವರು. ಜಗಳೂರು, ಹರಪನಹಳ್ಳಿ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಬಂದು ಇಲ್ಲೇ ಉಳಿದವರು, ಮಂಡಕ್ಕಿ ಭಟ್ಟಿಗೆ ಹೋಗುವವರು, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ಆಟೋದವರು, ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು. ಇತ್ತೀಚೆಗೆ ಮೇಲಿನ ಮಹಡಿಗಳಲ್ಲಿ ನರ್ಸಿಂಗ್ ಓದುವ ಹುಡುಗಿಯರೂ ಇದ್ದಾರೆ. ಹಳಿಯ ಆ ಕಡೆಗಿಂತ ಈ ಕಡೆ ಬಾಡಿಗೆ ಕಡಿಮೆ.

ಓಣಿಯ ನಡುವೆ ನಲ್ಲಿಕಟ್ಟೆ ಇತ್ತು. ಎರಡು ನಲ್ಲಿ, ಕಡಪಾ ಕಲ್ಲಿನ ಹಾಸು, ಪಕ್ಕದಲ್ಲಿ ಬೋರ್ ನೀರಿನ ಮಿನಿ ಟ್ಯಾಂಕ್. ಬೋರ್ ನೀರು ಬಳಸಲು, ನಲ್ಲಿ ನೀರು ಕುಡಿಯಲು. ತುಂಗಭದ್ರೆಯಿಂದ ರಾಜನಹಳ್ಳಿ ಹತ್ತಿರ ಎತ್ತಿದ ನೀರು, ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಯ ನೀರು ಈ ಊರಿಗೆ ಆಧಾರ. ನಾಲೆ ಒಣಗಿದ ಬೇಸಿಗೆಯಲ್ಲಿ ನಲ್ಲಿಗೆ ನೀರು ಯಾವತ್ತು ಬರುತ್ತದೆ ಅನ್ನುವುದು ನೀರು ಬಿಡುವವನಿಗೂ ಆ ದೇವರಿಗೂ ಮಾತ್ರ ಗೊತ್ತು.

ಈ ನಲ್ಲಿ ಹಾಕಿಸಿದ್ದು ಮಿಲ್ ಸಂಘದವರು ಅರ್ಜಿ ಕೊಟ್ಟು, ಹಿಂದೆ ಬಿದ್ದು, ಕೊನೆಗೆ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂತ ಮೇಲೆ ಅಂತ ಹಿರಿಯರೊಬ್ಬರು ಹೇಳುತ್ತಾರೆ. ಅವರನ್ನು ಇಲ್ಲಿ ‘ಸಂಘದಜ್ಜ’ ಅನ್ನೋಣ. ಓಣಿಯ ಜನ ಕರೆಯುವುದೂ ಹೆಚ್ಚುಕಡಿಮೆ ಹಾಗೇ.

ನಲ್ಲಿಕಟ್ಟೆಯ ಕಾನೂನು

ನೀರು ಬರುವ ಸುಳಿವು ಸಿಕ್ಕ ಕೂಡಲೇ ಕೊಡಗಳು ಸಾಲಾಗುತ್ತಿದ್ದವು. ಕೊಡ ಇಲ್ಲದವರು ಒಂದು ಕಲ್ಲು ಇಡಬಹುದು. ಒಡೆದ ಬಕೆಟ್ ಇಡಬಹುದು. ಚಪ್ಪಲಿ ನಡೆಯುತ್ತಿರಲಿಲ್ಲ. ಅದಕ್ಕೊಂದು ದೊಡ್ಡ ಜಗಳ ಆಗಿ ಕಾನೂನು ಆದದ್ದಂತೆ. ಮೊದಲ ಸುತ್ತಿಗೆ ಮನೆಗೆ ಎರಡು ಕೊಡ. ಎಲ್ಲರದೂ ಮುಗಿದ ಮೇಲೆ ಎರಡನೇ ಸುತ್ತು. ಬಾಣಂತಿ ಮನೆ, ಸಾವಾದ ಮನೆ, ಮದುವೆ ಮನೆಗೆ ಸಾಲು ಇಲ್ಲ. ಎಲ್ಲರ ಕೊಡವೂ ಒಂದೇ ಅಂಗಡಿಯ ಪ್ಲಾಸ್ಟಿಕ್ ಕೊಡ. ಹಾಗಾಗಿ ಗುರುತಿಗೆ ಕುತ್ತಿಗೆಗೆ ಬಣ್ಣದ ದಾರ ಕಟ್ಟುತ್ತಿದ್ದರು. ಕೆಂಪು ದಾರ ದೊಡ್ಡಮನೆಯವರದ್ದು, ಸೀರೆ ಅಂಚು ಹರಿದು ಕಟ್ಟಿದ್ದು ಟೈಲರಕ್ಕನದು. ಯಾರ ಕೊಡ ಬಂದಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು.

ಅಲ್ಲಿ ನೀರಿಗಿಂತ ಮಾತು ಜಾಸ್ತಿ ಹರಿಯುತ್ತಿತ್ತು. ಯಾವ ಅಂಗಡಿಯಲ್ಲಿ ಆಳು ಬೇಕಂತೆ, ಯಾರ ಮನೆ ಖಾಲಿ ಆಗುತ್ತದಂತೆ, ರೇಷನ್ ಅಂಗಡಿಗೆ ಅಕ್ಕಿ ಬಂತಾ. ಗಟ್ಟಿ ಸ್ನೇಹಕ್ಕಿಂತ ಮುಖಪರಿಚಯದ ಜನರಿಂದಲೇ ಕೆಲಸದ ಸುದ್ದಿ ಹೆಚ್ಚು ಸಿಗುತ್ತದೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ವಾದಿಸಿದರು. ಅಂಥ ಮುಖಪರಿಚಯ ನಲ್ಲಿಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಬಾಡಿಗೆಗೆ ಹೊಸದಾಗಿ ಬಂದವರು ಮೊದಲ ಸಲ ಕೊಡ ಇಟ್ಟ ದಿನವೇ ಅವರ ಊರು, ಕಸುಬು, ಮಕ್ಕಳೆಷ್ಟು ಎಲ್ಲ ಓಣಿಗೆ ಗೊತ್ತಾಗುತ್ತಿತ್ತು. ಟೈಲರಕ್ಕ ನಡೆಸುತ್ತಿದ್ದ ಚೀಟಿಯ ವಸೂಲಿ ಕೂಡ ಅಲ್ಲೇ. ಕಂತು ಕೊಡದವರು ಕೊಡ ಇಡಲು ಬರಲೇಬೇಕಲ್ವಾ.

ಹಾಗಂತ ಇದನ್ನು ಸುಮ್ನೆ ಹೊಗಳುವ ಹಾಗಿಲ್ಲ. ನೀರು ಬೆಳಗಿನ ಜಾವ ಮೂರಕ್ಕೆ ಬಂದರೆ ಏಳಬೇಕಾದವರು ಹೆಂಗಸರು, ಶಾಲೆಗೆ ಹೋಗುವ ಹೆಣ್ಣುಮಕ್ಕಳು. ಗಂಡಸರು ಕೊಡ ಹಿಡಿದದ್ದು ನಾನು ಕಂಡದ್ದು ಅಪರೂಪ. ಇನ್ನೂ ಒಂದು ವಿಷಯ ಇದೆ. ಹಿಂದೆ ಎರಡು ಮನೆಯವರು ಎಲ್ಲರದೂ ಮುಗಿದ ಮೇಲೆ ಹಿಡಿಯಬೇಕಿತ್ತು, ಅದೂ ಕಟ್ಟೆ ಹತ್ತದೆ. ಕಾನೂನಿನ ಭಯಕ್ಕೋ ಕಾಲದ ಗುಣಕ್ಕೋ ಆ ಪದ್ಧತಿ ನಿಂತಿತ್ತು. ಆದರೂ ಆ ಮನೆಯವರು ಸಾಲಿನ ತುದಿಯಲ್ಲೇ ಕೊಡ ಇಡುವುದು ರೂಢಿಯಲ್ಲಿ ಉಳಿದಿತ್ತು. ಯಾರೂ ಹೇಳುತ್ತಿರಲಿಲ್ಲ. ಯಾರೂ ಕರೆಯುತ್ತಲೂ ಇರಲಿಲ್ಲ.

ಸಮಸ್ಯೆ

ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ‘ಜಲಸಿರಿ’ ಹೆಸರಿನಲ್ಲಿ ದಾವಣಗೆರೆ, ಹರಿಹರ ಕಡೆ ದಿನದ 24 ಗಂಟೆ ನೀರು ಕೊಡುವ ಯೋಜನೆ ಬಂತು. ಹೊಸ ಪೈಪು, ಮನೆಗೊಂದು ನಲ್ಲಿ, ನಲ್ಲಿಗೊಂದು ಮೀಟರು. ಓಣಿಗೆ ಹುಡುಗರು ಟ್ಯಾಬ್ ಹಿಡಿದು ಸರ್ವೆಗೆ ಬಂದರು. ಎಲ್ಲರಿಗೂ ಖುಷಿ. ಟೈಲರಕ್ಕ ಅವರಿಗೆ ಟೀ ಕೂಡ ಮಾಡಿಕೊಟ್ಟಳು.

ತಕರಾರು ಶುರುವಾದದ್ದು ಕಾಗದದಿಂದ. ಸಂಪರ್ಕ ಕೊಡುವುದು ಆಸ್ತಿಗೆ. ಅದಕ್ಕೆ ಕಂದಾಯ ಕಟ್ಟಿದ ರಸೀದಿ, ಮಾಲೀಕರ ಸಹಿ ಬೇಕು. ಅಲ್ಲಿಗೆ ಓಣಿ ಮೂರು ಹೋಳಾಯಿತು. ಖಾತೆ ಸರಿಯಿದ್ದ ಸ್ವಂತ ಮನೆಯವರದು ಸಲೀಸು. ಅಣ್ಣತಮ್ಮಂದಿರ ಪಾಲು ಕೋರ್ಟಿನಲ್ಲಿರುವ ಎರಡು ಮೂರು ಮನೆಗಳಲ್ಲಿ ಯಾರು ಸಹಿ ಹಾಕಬೇಕು ಅಂತಲೇ ಜಗಳ. ಮೂರನೆಯವರು ಬಾಡಿಗೆಯವರು. ಅವರನ್ನು ಯಾರೂ ಏನೂ ಕೇಳಲೇ ಇಲ್ಲ. ಸರ್ವೆಯ ಹುಡುಗ ಬಾಗಿಲಿಗೆ ಬಂದು “ಓನರ್ ಇದಾರಾ?” ಅಂತ ಕೇಳಿ, ಇಲ್ಲ ಅಂದರೆ ಮುಂದೆ ಹೋಗುತ್ತಿದ್ದ. ಅವನದೇನೂ ತಪ್ಪಿಲ್ಲ. ಅವನ ಟ್ಯಾಬಿನಲ್ಲಿ ಬಾಡಿಗೆಯವರಿಗೆ ಜಾಗ ಇರಲಿಲ್ಲ.

ಹೀಗಾಗಿ ಆರು ಒಂಟಿ ಕೋಣೆಗಳ ಒಂದು ಸಾಲುಮನೆಗೆ ಒಂದೇ ನಲ್ಲಿ, ಒಂದೇ ಮೀಟರು ಬಂತು, ಅದೂ ಮಾಲೀಕರ ಹೆಸರಿಗೆ. ಆರು ಕುಟುಂಬ, ಒಂದು ಅಂಗಳ. ಇದರ ಬೆನ್ನಿಗೇ ಬೀದಿ ನಲ್ಲಿ ತೆಗೆಯುತ್ತಾರೆ ಅನ್ನುವ ಸುದ್ದಿಯೂ ಬಂತು.

ಮೊದಲ ಪ್ರಯತ್ನ: ಅರ್ಜಿ

ಸಂಘದಜ್ಜ ಹಳೇ ಅಭ್ಯಾಸದಂತೆ ಬಿಳಿ ಹಾಳೆ ತೆಗೆದರು. ‘ಎಲ್ಲ ಮನೆಗೂ ಸಂಪರ್ಕ ಆಗುವ ತನಕ ಸಾರ್ವಜನಿಕ ನಲ್ಲಿ ಉಳಿಸಬೇಕು’ ಅಂತ ಬರೆದರು. ಮೊಮ್ಮಗನ ಕೈಯಲ್ಲಿ ಸಹಿಗೆ ಕಳಿಸಿದರು. ಬಾಡಿಗೆಯವರೆಲ್ಲ ಹಾಕಿದರು. ಸ್ವಂತ ಮನೆಯವರಲ್ಲಿ ಕೆಲವರು “ನಮ್ಮನೆಯವರು ಬರಲಿ” ಅಂದರು. ಕೆಲವರು ಕನ್ನಡಕ ಸಿಗುತ್ತಿಲ್ಲ ಅಂದರು.

ಒಂದು ಭಾನುವಾರ ಗುಡಿ ಕಟ್ಟೆಯಲ್ಲಿ ಕೂತು ಮಾತಾಡಿದರು. ಈ ಪ್ರಕರಣದ ಮೊದಲ ತಿರುವು ಅದು. ಸ್ವಂತ ಮನೆಯವರ ಮಾತಿನಲ್ಲೂ ಹುರುಳಿತ್ತು. ನಲ್ಲಿಕಟ್ಟೆ ಹತ್ತಿರ ಯಾವಾಗಲೂ ಕೆಸರು, ಸೊಳ್ಳೆ. ಅಂಬ್ಯುಲೆನ್ಸ್ ತಿರುಗಲು ಜಾಗ ಇಲ್ಲ. ಒಬ್ಬರು ಮನೆ ಮೇಲೆ ಎರಡು ಮಹಡಿ ಎಬ್ಬಿಸಿ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡಲು ಹೊರಟಿದ್ದರು. ಬಾಗಿಲ ಮುಂದೆ ಕೊಡದ ಸಾಲು ಇದ್ದರೆ ಹುಡುಗಿಯರ ಅಪ್ಪ ಅಮ್ಮ ರೂಮು ನೋಡಿ ವಾಪಸ್ ಹೋಗುತ್ತಾರೆ ಅನ್ನುವುದು ಅವರ ಚಿಂತೆ.

ಎಲ್ಲರೂ ದೊಡ್ಡಮನೆ ಅಕ್ಕನ ಮುಖ ನೋಡಿದರು. ಆಕೆ ವರ್ಷಗಟ್ಟಲೆ ನಲ್ಲಿಕಟ್ಟೆಯ ಯಜಮಾನಿ. ನೀರು ಬಾರದಿದ್ದರೆ ಕಚೇರಿಗೆ ಫೋನು ಮಾಡಿ ಬೈಯುತ್ತಿದ್ದದ್ದು, ವಾಷರ್ ಹೋದರೆ ಮನೆಗೆ ಹತ್ತು ರೂಪಾಯಿ ಎತ್ತಿ ಪ್ಲಂಬರನ್ನು ಕರೆಸುತ್ತಿದ್ದದ್ದು ಅವಳೇ. ಅವಳ ಮನೆಗೆ ನಲ್ಲಿ ಬಂದು ಆಗಲೇ ಒಂದು ತಿಂಗಳಾಗಿತ್ತು. “ಇರ್ಲಿ ಬಿಡ್ರಿ, ತೆಗೆಯೋವಾಗ ನೋಡೋಣಂತೆ” ಅಂದು ಎದ್ದಳು. ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಓಣಿಯಲ್ಲಿ ಗಟ್ಟಿ ಗಂಟಲು ಇದ್ದದ್ದು ಅವಳೊಬ್ಬಳದೇ. ಅರ್ಜಿಗೆ ಜೀವ ಹೋದದ್ದು ಅಲ್ಲೇ.

ಅವಳು ಸ್ವಾರ್ಥಿ ಅಂದುಬಿಡುವುದು ಸುಲಭ. ನನಗೆ ಹಾಗನಿಸಲಿಲ್ಲ. ಸ್ಪೇನ್ ಮೂಲದ ಸಮಾಜಶಾಸ್ತ್ರಜ್ಞ ಮ್ಯಾನುಯೆಲ್ ಕ್ಯಾಸ್ಟೆಲ್ಸ್ 1970ರ ದಶಕದಲ್ಲಿ ಮಾಡಿದ ವಾದ ಇಲ್ಲಿ ನೆನಪಾಗುತ್ತದೆ. ನೀರು, ವಸತಿ, ಸಾರಿಗೆ ಇವನ್ನೆಲ್ಲ ನಗರದ ಜನ ಒಟ್ಟಾಗಿ ಬಳಸುತ್ತಾರೆ. ಹಾಗಾಗಿ ನಗರದ ಚಳವಳಿಗಳು ಕಾರ್ಖಾನೆ ಗೇಟಿನ ಹೊರಗೆ ಇವುಗಳ ಸುತ್ತಲೂ ಹುಟ್ಟುತ್ತವೆ ಅನ್ನುವುದು ಅದರ ತಿರುಳು. ನಮ್ಮ ಓಣಿಯಲ್ಲಿ ಅದನ್ನೇ ತಿರುಗುಮುರುಗಾಗಿ ಕಂಡೆ. ಒಟ್ಟಾಗಿ ಬಳಸುತ್ತಿದ್ದದ್ದು ಒಬ್ಬೊಬ್ಬರ ಹೆಸರಿನ ಬಿಲ್ಲಾದ ಕೂಡಲೇ, ಒಟ್ಟಾಗಿ ಕೇಳುವ ಕಾರಣವೂ ಹೋಯಿತು. ಮಿಲ್ ಮುಚ್ಚಿದಾಗ ಒಂದು ಸಂಘ ಹೋಗಿತ್ತು. ನಲ್ಲಿಕಟ್ಟೆಯ ಸುತ್ತ ಅದರ ಚೂರೊಂದು ಯಾರ ಗಮನಕ್ಕೂ ಬಾರದೆ ಉಳಿದಿತ್ತು, ಅಷ್ಟೇ.

ನಡುವಿನ ತಿಂಗಳುಗಳು

ಅರ್ಜಿಯ ಫಲವೋ, ಕೆಲಸ ನಿಧಾನ ಆದದ್ದಕ್ಕೋ, ನಲ್ಲಿ ಇನ್ನೂ ಕೆಲವು ತಿಂಗಳು ಇತ್ತು. ಆದರೆ ಬೇರೆಯದೇ ನಲ್ಲಿ ಅನ್ನಿಸುವಷ್ಟು ಬದಲಾಗಿತ್ತು. ಈಗ ಅಲ್ಲಿಗೆ ಬರುತ್ತಿದ್ದವರು ಸಾಲುಮನೆಯ ಬಾಡಿಗೆಯವರು, ಪಾಲಿನ ಜಗಳದ ಮನೆಯವರು, ಚರಂಡಿ ಪಕ್ಕ ಗುಡಿಸಲು ಹಾಕಿಕೊಂಡ ಎರಡು ಸಂಸಾರ. ವಾಷರ್ ಹೋಗಿ ನೀರು ಸೋರುತ್ತಿತ್ತು. ಹತ್ತು ರೂಪಾಯಿ ಎತ್ತುವವರು ಯಾರೂ ಇರಲಿಲ್ಲ. ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದರು. ಕಚೇರಿಗೆ ಫೋನು ಮಾಡಿದರೆ “ಮನೆಗೆ ಕನೆಕ್ಷನ್ ತಗೊಂಡಿಲ್ವಾ?” ಅಂತ ಮರುಪ್ರಶ್ನೆ ಬರುತ್ತಿತ್ತು.

ಕೊನೆಗೆ ಕಾಂಕ್ರೀಟ್ ರಸ್ತೆ ಮಾಡುವಾಗ ಜೆಸಿಬಿ ಬಂದು ಕಡಪಾ ಕಲ್ಲು ಎತ್ತಿತು. ವಿರೋಧ ಬರಲಿಲ್ಲ. ಸಂಘದಜ್ಜ ಆ ಎರಡು ಕಲ್ಲನ್ನು ತಮ್ಮ ಮನೆ ಮುಂದೆ ಹಾಕಿಸಿಕೊಂಡರು. ಬಟ್ಟೆ ಒಗೆಯಲು ಬೇಕಂತೆ.

ಎರಡನೇ ಪ್ರಯತ್ನ: ನೋಟ್‌ಬುಕ್

ಸಾಲುಮನೆಯಲ್ಲಿ ಜಗಳ ಜೋರಾಯಿತು. ಮಾಲೀಕರು ಕೋಣೆಗೆ ಇಷ್ಟು ಅಂತ ನೀರಿನ ದುಡ್ಡು ಬಾಡಿಗೆಗೆ ಸೇರಿಸಿದರು. ಬಿಲ್ ತೋರಿಸಲಿಲ್ಲ. ಒಬ್ಬನೇ ಇರುವ ಹೋಟೆಲ್ ಹುಡುಗನಿಗೂ ಆರು ಜನರ ಸಂಸಾರಕ್ಕೂ ಒಂದೇ ರೇಟು. ಸಾಲದ್ದಕ್ಕೆ ಅಂಗಳದ ನಲ್ಲಿಗೆ ಬೀಗ ಹಾಕಿ ಬೆಳಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ತೆಗೆಯತೊಡಗಿದರು. ಪೈಪಿನಲ್ಲಿ ದಿನವಿಡೀ ನೀರು, ಅಂಗಳದಲ್ಲಿ ಮೂರು ಗಂಟೆ. ಭಟ್ಟಿ ಕೆಲಸದವರು ನಡುರಾತ್ರಿ ದಾಟಿದ ಮೇಲೆ ಹೊರಟು ಮಧ್ಯಾಹ್ನ ವಾಪಸ್ ಬರುವವರು. ಅವರು ಬರುವ ಹೊತ್ತಿಗೆ ಬೀಗ ಬಿದ್ದಿರುತ್ತಿತ್ತು. ಮೈಗೆಲ್ಲ ಹೊಟ್ಟಿನ ಬೂದಿ ಮೆತ್ತಿಕೊಂಡು ನಿಂತ ಗಂಡಸರು ಬಾಗಿಲು ಬಡಿದರೆ ಜಗಳ ಆಗದೆ ಇನ್ನೇನಾಗುತ್ತದೆ.

ಮನೆ ಖಾಲಿ ಮಾಡುತ್ತೇವೆ ಅಂತ ಹೆದರಿಸುವುದು ಮೊದಲ ಯೋಚನೆ. ಮಾಲೀಕರು “ಮಾಡ್ರಿ, ನರ್ಸಿಂಗ್ ಹುಡುಗೀರಿಗೆ ಕೊಡ್ತೀನಿ” ಅಂದರು. ಆ ಅಸ್ತ್ರ ಅಲ್ಲಿಗೇ ಮೊಂಡಾಯಿತು. ಕಾಲೇಜು ಊರಿನಲ್ಲಿ ಬಾಡಿಗೆಯವರ ಬೆದರಿಕೆಗೆ ಬೆಲೆ ಕಡಿಮೆ. ರೂಮು ಖಾಲಿ ಬೀಳುವುದಿಲ್ಲ.

ಎರಡನೇ ತಿರುವು ಸಿಕ್ಕಿದ್ದು ಸ್ವಸಹಾಯ ಸಂಘದ ವಾರದ ಸಭೆಯಲ್ಲಿ. ಸಾಲುಮನೆ ಮಾಲೀಕರ ಸೊಸೆ ಆ ಸಂಘದ ಸದಸ್ಯೆ. ಬಾಡಿಗೆಯ ಮೂವರು ಹೆಂಗಸರೂ ಅದೇ ಸಂಘದಲ್ಲಿದ್ದರು. ನೀರಿನ ಜಗಳದಿಂದ ಅವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು. ಸಾಲದ ಕಂತು ನಿಂತಿತ್ತು. ಕಂತು ನಿಂತರೆ ಇಡೀ ಗುಂಪಿಗೆ ಮುಂದಿನ ಸಾಲ ಸಿಗುವುದಿಲ್ಲ. ಸೊಸೆಗೆ ಹೊಲಿಗೆ ಮಷಿನ್ನಿಗೆ ಸಾಲ ಬೇಕಿತ್ತು. ಹಾಗಾಗಿ ರಾಜಿಗೆ ಮೊದಲು ಬಾಯಿಬಿಟ್ಟದ್ದು ಅವಳೇ: “ಮಾವನ ಹತ್ರ ನಾನು ಮಾತಾಡ್ತೀನಿ. ನೀವು ಮೀಟರ್ ನೋಡಿ ಬರ್ಕೊಳ್ರಿ, ಲೆಕ್ಕ ಹಂಚ್ಕೊಳ್ರಿ.” ಒಳ್ಳೆಯತನಕ್ಕಿಂತ ಗರಜು ಮುಂದಿತ್ತು ಅಂತ ಅವಳೇ ಆಮೇಲೆ ನಗುತ್ತಾ ಹೇಳಿದಳು.

ಇನ್ನೂರು ಪುಟದ ಒಂದು ನೋಟ್‌ಬುಕ್ ಬಂತು. ಅದರ ಮೊದಲ ಪುಟ ನಾನು ನೋಡಿದ್ದೇನೆ. ಸ್ಕೇಲಿಲ್ಲದೆ ಎಳೆದ ಗೆರೆಗಳು: ತಾರೀಖು, ಮೀಟರ್ ನಂಬರು, ಮನೆ, ತಲೆ, ದುಡ್ಡು, ಸಹಿ. ಪ್ರತಿ ತಿಂಗಳು ಒಂದನೇ ತಾರೀಖು ಒಬ್ಬರು ಮೀಟರ್ ಓದಬೇಕು, ಇನ್ನೊಬ್ಬರು ಬರೆಯಬೇಕು. ಬಿಲ್ ಬಂದಾಗ ಅದರ ಫೋಟೋ ಎಲ್ಲರಿಗೂ ವಾಟ್ಸಾಪಿನಲ್ಲಿ ಹೋಗಬೇಕು. ಮಾಲೀಕರ ಮನೆಯವರೂ ತಲೆ ಲೆಕ್ಕದಲ್ಲಿ ಸೇರಬೇಕು. ಈ ಕೊನೆಯ ಮಾತಿಗೆ ಮಾವ ಒಪ್ಪಲು ತುಂಬಾ ಸಮಯ ಹಿಡಿಯಿತು. “ನನ್ ಮನೆ ನೀರಿಗೆ ನಾನು ಬಾಡಿಗೆಯವರ ಜೊತೆ ಸಹಿ ಹಾಕ್ಬೇಕಾ?” ಅಂತ ಅವರ ಪ್ರಶ್ನೆ. ಸೊಸೆ ಅವರ ಕಡೆಯ ಸಹಿಯನ್ನು ತಾನೇ ಹಾಕತೊಡಗಿದಳು. ಅವರು ನೋಡಿಯೂ ನೋಡದಂತಿದ್ದರು. ಬೀಗ ಒಂದು ದಿನ ಮೊಳೆಯ ಮೇಲೆ ನೇತಾಡುತ್ತಿತ್ತು. ತೆಗೆದೆ ಅಂತ ಯಾರೂ ಹೇಳಲಿಲ್ಲ.

ಕಾನೂನುಗಳು ಆಮೇಲೆ ಒಂದೊಂದಾಗಿ ಸೇರಿದವು. ಐದು ವರ್ಷದೊಳಗಿನ ಮಗು ಅರ್ಧ ತಲೆ. ನೆಂಟರು ಮೂರು ದಿನ ದಾಟಿದರೆ ಒಂದು ತಲೆ. ಬಾಣಂತನಕ್ಕೆ ಬಂದ ಮಗಳು, ಅವಳ ಕೂಸು ಲೆಕ್ಕಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಮ್ಮನ ಜಾತ್ರೆ ತಿಂಗಳು ತಲೆ ಎಣಿಸುವುದೇ ಇಲ್ಲ, ಮನೆಗೆ ಸಮಪಾಲು. ಆಗ ಎಲ್ಲರ ಮನೆಯಲ್ಲೂ ನೆಂಟರು, ಎಲ್ಲರದೂ ಹಾಸಿಗೆ ಹೊದಿಕೆ ಒಗೆತ. ಓದುತ್ತಾ ಹೋದಂತೆ ನನಗೆ ಗುರುತು ಸಿಕ್ಕಿತು. ಬಾಣಂತಿಗೆ ರಿಯಾಯಿತಿ, ಎಲ್ಲರೆದುರು ಲೆಕ್ಕ ಎಲ್ಲ ನಲ್ಲಿಕಟ್ಟೆಯಿಂದ ಬಂದದ್ದೇ. ಬರೆದವರಿಗೆ ಅದು ಹೊಳೆದಿರಲೇ ಇಲ್ಲ.

ಏನಾಯಿತು

ಲಾಭ ಮೊದಲು ಹೇಳಬೇಕು. ಬೆಳಗಿನ ಜಾವ ಏಳುವುದು ನಿಂತಿತು. ಟೈಲರಕ್ಕ ಆ ಹೊತ್ತಿನಲ್ಲಿ ಬ್ಲೌಸ್ ಹೊಲಿದು ಮುಗಿಸುತ್ತಾಳೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೊಬ್ಬಳು ಬೆಳಗಿನ ಟ್ಯೂಷನ್ನಿಗೆ ಸೇರಿದಳು. ಸೊಂಟನೋವಿನ ಮಾತು ಕಡಿಮೆಯಾಯಿತು.

ಸಾಲಿನ ತುದಿಯಲ್ಲಿ ಕೊಡ ಇಡುತ್ತಿದ್ದ ಮನೆಯ ಹೆಂಗಸನ್ನು ನಾನು ಕೇಳಿದೆ, ನಲ್ಲಿಕಟ್ಟೆ ನೆನಪಾಗುತ್ತಾ ಅಂತ. ಆಕೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನಿಮಗೆ ಸಾಲು ನೆನಪಾಗ್ತೈತೆ ಅಕ್ಕೋರೆ. ನಮಗೆ ಸಾಲಿನ ತುದಿ ನೆನಪಾಗ್ತೈತೆ.” ಅವರದು ಸ್ವಂತ ಮನೆ, ಖಾತೆ ಸರಿ ಇತ್ತು. ಓಣಿಯಲ್ಲಿ ಮೊದಲು ನಲ್ಲಿ ಹಾಕಿಸಿಕೊಂಡವರಲ್ಲಿ ಅವರೂ ಒಬ್ಬರು. ಬೀದಿ ನಲ್ಲಿ ಉಳಿಸುವ ಅರ್ಜಿಗೆ ಅವರು ಸಹಿ ಹಾಕಿರಲಿಲ್ಲ. ಯಾಕೆ ಅಂತ ಗುಡಿ ಕಟ್ಟೆಯಲ್ಲಿ ಯಾರೂ ಕೇಳಿರಲಿಲ್ಲ. ಹಳೇ ಓಣಿಯ ಒಗ್ಗಟ್ಟು ಅಂತ ಮಾತಾಡುವವರು ಈ ಸಹಿ ಇಲ್ಲದ ಜಾಗವನ್ನು ಒಮ್ಮೆ ನೋಡಬೇಕು.

ನಷ್ಟಗಳು ನಿಧಾನಕ್ಕೆ ಕಂಡವು. ಟೈಲರಕ್ಕನ ಚೀಟಿ ಒಡೆಯಿತು. ದಿನಾ ಮುಖ ನೋಡುತ್ತಿದ್ದಾಗ ಸಲೀಸಾಗಿದ್ದ ವಸೂಲಿಗೆ ಈಗ ಮನೆ ಮನೆ ಅಲೆಯಬೇಕಾಯಿತು. ಇಬ್ಬರು ಕೈ ಎತ್ತಿದರು. ಈಗ ಚಿಕ್ಕ ಚೀಟಿ ಇದೆ, ಕಂತು ಫೋನ್‌ಪೇಯಲ್ಲಿ ಬರುತ್ತದೆ. ಸೇರಿಸಿಕೊಳ್ಳುವುದು ಬಂಧುಬಳಗದವರನ್ನು ಮಾತ್ರ. ಹೊಸ ಬಾಡಿಗೆಯವರಿಗೆ ಅದರೊಳಗೆ ಜಾಗವಿಲ್ಲ. ಹೊಸಬರು ಓಣಿಗೆ ಬೆರೆಯುತ್ತಿದ್ದ ಬಾಗಿಲೊಂದು ಹೀಗೆ ಮುಚ್ಚಿತು.

ಇನ್ನೊಂದು ಘಟನೆ ನನ್ನನ್ನು ಜಾಸ್ತಿ ಯೋಚಿಸುವಂತೆ ಮಾಡಿತು. ಒಂಟಿಯಾಗಿದ್ದ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಬಿದ್ದದ್ದು ಬೆಳಗ್ಗೆ. ಪಕ್ಕದ ಮನೆಯವರಿಗೆ ಗೊತ್ತಾದದ್ದು ಮರುದಿನ, ಅದೂ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದ್ದರಿಂದ. ಸೊಂಟದ ಮೂಳೆ ಮುರಿದಿತ್ತು. ಬದುಕಿದರು, ಈಗ ಮಗಳ ಊರಲ್ಲಿದ್ದಾರೆ. ನೀರು ಬಂದ ದಿನ ಹಸಿರು ದಾರದ ಕೊಡ ಸಾಲಿನಲ್ಲಿ ಕಾಣದಿದ್ದರೆ ಮೊದಲು ಯಾರಾದರೂ ಹೋಗಿ ಬಾಗಿಲು ತಟ್ಟುತ್ತಿದ್ದರು. ನೀರು ದಿನಾ ಬರುತ್ತಿರಲಿಲ್ಲ, ಆದ್ದರಿಂದ ಆಗಲೂ ತಡವಾಗಬಹುದಿತ್ತು. ಆದರೂ ಹುಡುಕುವವರು ಇರುತ್ತಿದ್ದರು.

1995ರ ಜುಲೈನಲ್ಲಿ ಷಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಒಂಟಿ ಮುದುಕರು ಬಹಳ. ಎರಿಕ್ ಕ್ಲಿನೆನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞ ಅಲ್ಲಿ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿ ನೋಡಿದರು. ಅಂಗಡಿ ಮುಂಗಟ್ಟು, ಓಡಾಟ ಇರುವ ಬೀದಿಯ ಮುದುಕರು ಹೆಚ್ಚು ಬದುಕಿದ್ದರು. ಬೀದಿ ಪಾಳು ಬಿದ್ದ ಕಡೆ ಸಾವು ಹೆಚ್ಚು. ಮನೆಯಿಂದ ಹೊರಗೆ ಬರಲು ಒಂದು ನೆಪ, ಬಾರದಿದ್ದರೆ ಗಮನಿಸಲು ನಾಲ್ಕು ಕಣ್ಣು ಬೇಕು. ನಮ್ಮ ಓಣಿಗೆ ನಲ್ಲಿ ಆ ನೆಪವಾಗಿತ್ತು.

ಇದರಿಂದ ತಿಳಿಯುವುದು

ಬೇರೆ ಓಣಿಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದಾದ ಕೆಲವು ಮಾತು. ಯೋಜನೆ ಆಸ್ತಿಯನ್ನು ಎಣಿಸುವಾಗ ಅಡುಗೆ ಒಲೆಗಳನ್ನೂ ಎಣಿಸಿ. ಒಂದು ಖಾತೆಯ ಹಿಂದೆ ಆರು ಒಲೆ ಇರುತ್ತವೆ ಅನ್ನುವುದು ಸರ್ವೆ ದಿನವೇ ಗೊತ್ತಾಗಿದ್ದರೆ ಬೀಗದ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲ. ಅರ್ಜಿಗೆ ಸಹಿ ಕೇಳುವ ಹೊತ್ತೂ ಮುಖ್ಯ. ದೊಡ್ಡಮನೆ ಅಕ್ಕನ ಮನೆಗೆ ನಲ್ಲಿ ಬರುವ ಮೊದಲೇ ಕೇಳಿದ್ದರೆ ಅವಳೇ ಮುಂದೆ ನಿಂತು ಹಾಕಿಸುತ್ತಿದ್ದಳು. ಮುಂದಿನ ಸಾಲಿನವರಿಗೆ ಮೊದಲು ಸವಲತ್ತು ಸಿಕ್ಕರೆ ಹಿಂದಿನವರ ಪರ ಮಾತಾಡುವವರು ಉಳಿಯುವುದಿಲ್ಲ.

ಊರಿನಲ್ಲಿ ಜನರನ್ನು ಬೇರ್ಪಡಿಸುವ ಗೆರೆ ಎಲ್ಲಿ ಸರಿಯಿತು ಅನ್ನುವುದನ್ನೂ ಗಮನಿಸಬೇಕು. ನಲ್ಲಿಕಟ್ಟೆಯಲ್ಲಿ ಗೆರೆ ಜಾತಿಯದಾಗಿತ್ತು. ಮೀಟರ್ ಬಂದ ಮೇಲೆ ಖಾತೆ ಇದ್ದವರು, ಇಲ್ಲದವರು ಅನ್ನುವ ಗೆರೆ ಎದ್ದು ಕಂಡಿತು. ಜಾತಿ ಎಲ್ಲೂ ಹೋಗಿಲ್ಲ. ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲ ಪ್ರಶ್ನೆ ಈಗಲೂ ಅದೇ. ಆದರೆ ನೀರಿನ ವಿಷಯದಲ್ಲಿ ಒಂದು ಕುಟುಂಬ ಸಾಲಿನ ತುದಿಯಿಂದ ಮುಂದೆ ಬಂದದ್ದೂ, ಇನ್ನಾರು ಕುಟುಂಬ ಬೀಗದ ಹೊರಗೆ ನಿಂತದ್ದೂ ಒಂದೇ ಪೈಪಿನಿಂದ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ.

ನೋಟ್‌ಬುಕ್ ಗೆದ್ದದ್ದು ಅದು ನ್ಯಾಯವಾಗಿದೆ ಅನ್ನುವ ಕಾರಣಕ್ಕಲ್ಲ. ಮಾಲೀಕರ ಮನೆಗೂ ಬಾಡಿಗೆಯವರಿಗೂ ಸಾಲದ ಕಂತಿನ ಇನ್ನೊಂದು ನಂಟು ಇತ್ತು. ಆ ನಂಟಿಲ್ಲದ ಪಕ್ಕದ ವಠಾರದಲ್ಲಿ ಇದೇ ಲೆಕ್ಕ ಮಾಡಿ ನೋಡಿದರು. ಎರಡನೇ ತಿಂಗಳಿಗೇ ನಿಂತಿತು. ಚರಂಡಿ ಪಕ್ಕದ ಎರಡು ಸಂಸಾರಕ್ಕಂತೂ ಯಾವ ನೋಟ್‌ಬುಕ್ಕೂ ಇಲ್ಲ. ಅವರು ಶುದ್ಧ ನೀರಿನ ಘಟಕದಿಂದ ದುಡ್ಡು ಕೊಟ್ಟು ಕ್ಯಾನ್ ತರುತ್ತಾರೆ, ಬಳಸಲು ಮಿನಿ ಟ್ಯಾಂಕಿನ ಬೋರ್ ನೀರು. ಅದರ ಮೋಟಾರು ಕೆಟ್ಟರೆ ಈಗ ಯಾರು ಫೋನು ಮಾಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ಸಾಲುಮನೆಯ ನೋಟ್‌ಬುಕ್ ನಡೆಯುತ್ತಿದೆ. ಸದ್ಯದ ತಕರಾರು ಮಾಲೀಕರು ಹೊಸದಾಗಿ ಕಟ್ಟಿದ ಮೇಲಿನ ಎರಡು ರೂಮಿನದು. ಅಲ್ಲಿನ ನರ್ಸಿಂಗ್ ಹುಡುಗಿಯರು ಶನಿವಾರ ಊರಿಗೆ ಹೋಗಿ ಸೋಮವಾರ ಬರುತ್ತಾರೆ. ಅವರನ್ನು ಮುಕ್ಕಾಲು ತಲೆ ಅನ್ನಬೇಕು ಅಂತ ಹುಡುಗಿಯರು. ವಾಷಿಂಗ್ ಮಷಿನ್ ಇಟ್ಟವರದು ಒಂದೂವರೆ ತಲೆ ಅಂತ ಕೆಳಗಿನವರು. ಮುಂದಿನ ಒಂದನೇ ತಾರೀಖು ಮೀಟರ್ ಓದುವ ಸರದಿ ಆ ಹುಡುಗಿಯರದೇ. ಕೆಳಗಿಳಿದು ಬರಲಿ, ಅಲ್ಲೇ ಮಾತಾಡೋಣ ಅಂತ ಸೊಸೆ ಹೇಳಿ ಕಳಿಸಿದ್ದಾಳೆ.